ಘಟ್ಟವನ್ನಿಳಿಯುವ ವಿಚಾರ

ಬೆಟ್ಟದ ಹಾದಿಯನ್ನು ದಾಟುವುದೆಂದರೆ ಮೊದಲು ಏರಬೇಕು, ನೆತ್ತಿಯಲ್ಲಿ ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳಬೇಕು, ಆಮೇಲೆ ಇಳಿಯಬೇಕು ಎಂಬುದು ಸಾಮಾನ್ಯವಾದ ಭಾವನೆ. ಆಲ್ಪ್ಸ್ ಪರ್ವತದ ದಾರಿಗಳೂ ಹಿಮಾಲಯದ ‘ಲಾ’ಗಳೂ ಈ ಭಾವನೆಗೆ ಸರಿಯಾಗಿಯೇ ಇವೆ. ಆದರೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳಿಂದ ಹೊರಟು ಪಡುವಣ ಕಡಲನ್ನು ಮುಟ್ಟಬೇಕೆನ್ನುವವನಿಗೆ ಈ ಕ್ರಮ ಹೊಂದುವುದಿಲ್ಲ. ಅವನಿಗೆ ಏರುವುದೆಂಬುದು ಬಹುಮಟ್ಟಿಗೆ ಇಲ್ಲವೇ ಇಲ್ಲ. ಇಳಿಯುವುದು ಮಾತ್ರ ಉಂಟು. ತನ್ನ ಮನೆಯ ಅಂಗಳದಲ್ಲಿದ್ದಾಗಲೇ ಅವನು ಘಟ್ಟದ ಎತ್ತರದಲ್ಲಿ ನಿಂತಿರುತ್ತಾನೆ. ಈ ಒಂದು ಸಂಗತಿಯಿಂದ ಆ ಸೀಮೆಯ ವ್ಯಾಪಾರಕ್ಕೂ, ಗಾಡಿ ಮೋಟಾರುಗಳ ಸಂಚಾರಕ್ಕೂ, ಬೈಸಿಕಲ್ಲಿನ ಸವಾರಿಗೂ ಏನೇನು ಫಲ ಉಂಟಾಗಿದೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಹಾವೇರಿಯ ಪೇಟೆ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲಿದೆ. ರಾಣೆಬೆನ್ನೂರು 600 ಮೀಟರಿನ ಸುಮಾರಿನಲ್ಲಿದೆ. ಘಟ್ಟದ ಅಂಚಿಗೆ ಸಮೀಪವಾದ ಸಿರ್ಸಿಯೂ 590ರ ಆಸುಪಾಸಿನಲ್ಲಿಯೇ ಇದೆ. ಹಾವೇರಿಯಿಂದ ಹಾನಗಲ್ಲ ಸೀಮೆಯ ಕೆರೆಗಳನ್ನೂ ಬತ್ತದ ಗದ್ದೆಗಳನ್ನೂ ಹಾದು ಎಪ್ಪತ್ತು ಎಂಬತ್ತು ಕಿಲೋಮೀಟರ್ ಸಾಗಿ ಸಿರ್ಸಿಯನ್ನು ಸೇರಿದರೂ ಪ್ರಯಾಣಿಕನು ಹೊರಟ ಮಟ್ಟಕ್ಕಿಂತ ಹೆಚ್ಚು ಮೇಲೆ ಹೋಗಿರುವುದಿಲ್ಲ. ದಾರಿಯಲ್ಲಿ ಸಣ್ಣ ಸಣ್ಣ ಏರುಗಳು ಬರುತ್ತವೆ, ಸಣ್ಣ ಸಣ್ಣ ಇಳುಕಲುಗಳು ಅವನ್ನು ತೀರಿಸಿಬಿಡುತ್ತವೆ. ಸಿರ್ಸಿಯಿಂದ ಮುಂದೆ ಕುಮಟೆಗೆ ಸುಮಾರು 60 ಕಿಲೋಮೀಟರ್. ಆ ನಡುವೆ ದೇವಿಮನೆ ಘಟ್ಟದಲ್ಲಿ ನೆಲವು ಒಮ್ಮೆಲೇ ಕಾಲಕೆಳಗಿನಿಂದ ಜಾರಿದಂತೆ ಇಳಿದುಹೋಗುತ್ತದೆ.

ಸಹ್ಯಾದ್ರಿಯು ಇಲ್ಲಿ ಎರಡು ಮಗ್ಗುಲುಳ್ಳ ಪರ್ವತವಾಗಿಲ್ಲ. ಎತ್ತರವಾದ ಜಗುಲಿಯೊಂದರ ಅಂಚಾಗಿದೆ. ಜಗುಲಿಯೂ ಸಮತಟ್ಟಾಗಿಲ್ಲ, ಮೂಡಣಕ್ಕೆ ತುಸು ಓರೆಯಾಗಿದೆ. ಇದಕ್ಕೆ ನದಿಗಳೇ ಸಾಕ್ಷಿ. ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆಯು ಅರಬ್ಬೀ ಸಮುದ್ರವನ್ನು ಹತ್ತಿರದಲ್ಲಿಯೇ ಬಿಟ್ಟು, ಬನವಾಸಿಯನ್ನು ಬಳಸಿ, ಹಾನಗಲ್ಲ ಹಾವೇರಿಗಳ ನೆಲದಲ್ಲಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ, ಕಡೆಗೆ ಕೃಷ್ಣೆಯೊಡನೆ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಸಿರ್ಸಿಯ ಬಳಿಯೇ ಹುಟ್ಟುವ ಅಘನಾಶಿನಿಯಾದರೋ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟದ ಕೆಳಗೆ ಹರಿದು, ಕುಮಟೆಯ ಸಮೀಪ ಪಡುವಣ ಕಡಲನ್ನು ಕೂಡುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳಿಗೆ ಸೇರಬಹುದಾದ ಸ್ಥಳವಿದು.

ಈ ಅಂಚನ್ನು ದಾಟಿ ಸಾಮಾನು ಸಾಗಿಸುವ ಉದ್ಯೋಗ ಬಹು ಹಳೆಯದು. ಗಾಡಿಯ ದಾರಿಗಳಾಗುವುದಕ್ಕೆ ಮುಂಚೆ ಲಂಬಾಣಿಗರ ಹೇರೆತ್ತುಗಳು ಸಾಲುಗಟ್ಟಿ ಘಟ್ಟವನ್ನಿಳಿದು ಏರುತ್ತಿದ್ದುವು. ಮೇಲಿನಿಂದ ಧಾನ್ಯ ಮತ್ತು ಹತ್ತಿ, ಕೆಳಗಿನಿಂದ ಸಾಣಿಕಟ್ಟೆಯಂತಹ ಕಡಲತಡಿಯ ಆಗರಗಳ ಉಪ್ಪು ಮತ್ತು ತೆಂಗಿನಕಾಯಿ. ಧಾರವಾಡ ಸೀಮೆಯ ಜವಾರಿ ಹತ್ತಿಗೆ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರು ನಿಂತುದು ಇದರಿಂದಲೇ. ಆ ಹತ್ತಿಯ ಒಂದು ಗಿಡವೂ ಕುಮಟೆಯಲ್ಲಿ ಬೆಳೆದುದಲ್ಲ. ಅದು ಅಲ್ಲಿ ಹಡಗನ್ನೇರಿತು, ಅಷ್ಟೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿಯ ಸರಬರಾಜು ನಿಂತುಹೋದಾಗ ಲ್ಯಾಂಕಶೈರಿನ ಗಿರಣಿಗಳ ಕಣ್ಣು ಈ ಸೀಮೆಯ ಮೇಲೆ ಬಿತ್ತು. ಹತ್ತಿ ಬೆಳೆಯುವ ಧಾರವಾಡ ಜಿಲ್ಲೆ ಮುಂಬಯಿ ಸರಕಾರದ ಕೆಳಗೆ, ಅದು ಹಡಗೇರುವ ಬಂದರುಗಳು ಮದರಾಸು ಸರಕಾರದ ಕೆಳಗೆ ಇದ್ದುವು. ಘಟ್ಟದ ಮೇಲಿನ ದಾರಿಯನ್ನು ಒಬ್ಬರು, ಕೆಳಗಿನದನ್ನು ಇನ್ನೊಬ್ಬರು ನೋಡಿಕೊಳ್ಳುವ ಈ ವ್ಯವಸ್ಥೆ ವರ್ತಕರಿಗೆ ಸೊಗಸಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಒಂದು ಜಿಲ್ಲೆಯು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗಲು ಹತ್ತಿಯ ಹೇರು ಮುಖ್ಯವಾದ ಕಾರಣವಾಯಿತೆಂಬುದು ನೆನಪಿಡತಕ್ಕ ಸಂಗತಿ.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಬಂದಿತು. ಹರಿಹರದ ಕಡೆಯಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಮೇಲೆ ಹುಬ್ಬಳ್ಳಿಗೆ ಹಳಿ ಹಾಕಲ್ಪಟ್ಟಿತು. ಹತ್ತಿಯು ಮಾರ್ಮಗೋವೆಗೂ ಮುಂಬಯಿಗೂ ರೈಲಿನಲ್ಲಿ ಹೋಗತೊಡಗಿ ಕುಮಟೆಯ ಬಂದರು ಸೊರಗಿತು. ಆದರೆ ಘಟ್ಟದ ದಾರಿ ಬರಿದಾಗಲಿಲ್ಲ. ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ಅಲ್ಲಿ ತೊಳೆದು ಬಿಳಿದಾಗಿ, ಮತ್ತೆ ಹೊರಗೆ ಹೋಗುತ್ತಿತ್ತು. ಹಾವೇರಿ ಏಲಕ್ಕಿಯ ಕಂಪಿನ ನಾಡೆನಿಸಿಕೊಂಡುದು ತಾನು ಬೆಳೆದ ಏಲಕ್ಕಿಯಿಂದಲ್ಲ. ಕುಮಟೆಗೆ ಹತ್ತಿಯ ಹೆಸರು, ಹಾವೇರಿಗೆ ಏಲಕ್ಕಿಯ ಹೆಸರು. ಎರಡೂ ಘಟ್ಟದ ದಾರಿಯು ಕೊಟ್ಟ ಹೆಸರುಗಳೇ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಈಗಲೂ ಘಟ್ಟವನ್ನಿಳಿಯುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆಯಾದ ಆ ಕಾಯಿಲ್ಲದೆ ಕರಾವಳಿಯ ಗೃಹಿಣಿಗೆ ಮೀನಿನ ಸಾರು ಸಾರೆನಿಸುವುದಿಲ್ಲ. ಮೇಲಿನ ಮೆಣಸಿನಕಾಯಿ, ಕೆಳಗಿನ ತೆಂಗು, ಆಗರದ ಉಪ್ಪು ಇವು ಮೂರೂ ಒಂದೇ ಒರಳಿನಲ್ಲಿ ಕೂಡುವುದು ಈ ದಾರಿಯ ದೆಸೆಯಿಂದ. ಪಾಕಶಾಸ್ತ್ರವನ್ನು ಬರೆಯುವವರು ಘಟ್ಟದ ರಸ್ತೆಗಳ ವಿಷಯಕ್ಕೂ ಒಂದು ಪುಟವನ್ನು ಕೊಡಬಹುದೆಂದು ನಮಗೆ ತೋರುತ್ತದೆ.

ಇನ್ನು ದಾರಿಯ ರಚನೆಯ ವಿಚಾರ. ಹೇರೆತ್ತು ಕಡಿದಾದ ಜಾಡನ್ನೂ ಹತ್ತಬಲ್ಲುದು. ಚಕ್ಕಡಿಗೆ ಅದು ಆಗದು; ಅದಕ್ಕೆ ಇಪ್ಪತ್ತು ಮಾರು ಮುಂದೆ ಹೋದರೆ ಒಂದು ಮಾರು ಮಾತ್ರ ಏರುವಂತಹ ಸೌಮ್ಯವಾದ ದಾರಿ ಬೇಕು. ಇಳಿಯಬೇಕಾದ ಎತ್ತರ 500 ಮೀಟರ್ ಎಂದು ಲೆಕ್ಕಕ್ಕೆ ಹಿಡಿದರೆ, ಇಂತಹ ದಾರಿ 10 ಕಿಲೋಮೀಟರ್ ಉದ್ದವಾಗುತ್ತದೆ. ಬೆಟ್ಟದ ಮೈಯಾದರೋ ಅಷ್ಟು ಅಗಲ ಹರಡಿಕೊಂಡಿರುವುದಿಲ್ಲ. ಆದಕಾರಣ ದಾರಿಯನ್ನು ಮಡಿಸಬೇಕಾಗುತ್ತದೆ. ಬಲಕ್ಕೆ ಒಂದಷ್ಟು ದೂರ, ಅಲ್ಲಿ ಹಿಂದುಮುಂದಾಗಿ ತಿರುಗಿ ಎಡಕ್ಕೆ ಒಂದಷ್ಟು ದೂರ, ಹೀಗೆ. ಆಗುಂಬೆಯಲ್ಲಿ ಇಂತಹ ಹೇರ್‌ಪಿನ್ ತಿರುವುಗಳು 14 ಇವೆ. ಪ್ರಯಾಣಿಕರು ತಲೆಸುತ್ತು ಬರುತ್ತದೆಂದು ಈ ತಿರುವುಗಳನ್ನು ನಿಂದಿಸುವುದುಂಟು. ಅವಿಲ್ಲದಿದ್ದರೆ ದಾರಿಯೇ ಇರುತ್ತಿರಲಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಎತ್ತರದಲ್ಲಿರುವ ಭಾರವು ಕೂಡಿಟ್ಟ ಹಣದಂತೆ. ಕೆಳಗಿಳಿಯುವಾಗ ಆ ಶಕ್ತಿಯೆಲ್ಲವೂ ಎಲ್ಲಿಯಾದರೂ ವೆಚ್ಚವಾಗಲೇಬೇಕು. ವೇಗವಾಗಿ ವೆಚ್ಚವಾದರೆ ಅಪಾಯ. ವೇಗವನ್ನು ತಡೆದರೆ ಅದು ಶಾಖವಾಗುತ್ತದೆ. ಎಷ್ಟು ಶಾಖ? ಸರಕು ಸೇರಿ 16 ಟನ್ ತೂಗುವ ಲಾರಿಯೊಂದು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಕೊಳದ ತಣ್ಣೀರನ್ನು ಸುಮಾರು 250 ಲೀಟರ್ ಕುದಿಸಬಹುದು. 1,200 ಕಿಲೋ ತೂಕದ ಕಾರಿನ ಪಾಲಿಗೆ 18–19 ಲೀಟರ್ ಬರುತ್ತದೆ. ಸೈಕಲ್ಲೂ ಸವಾರನೂ ಕೂಡಿ 85 ಕಿಲೋ ಆದರೆ ಒಂದೂಕಾಲು ಲೀಟರಿಗೆ ತುಸು ಮಿಗಿಲು, ಎಂದರೆ ಮನೆಮಂದಿಯ ಕಾಫಿಗೆ ಸಾಲುವಷ್ಟು. ಇದರಲ್ಲಿ ಒಂದು ಭಾಗವನ್ನು ಎದುರುಗಾಳಿಯೂ ಟಯರುಗಳ ತಿಕ್ಕಾಟವೂ ತೆಗೆದುಕೊಳ್ಳುತ್ತವೆ. ಉಳಿದುದನ್ನೆಲ್ಲ ಬ್ರೇಕುಗಳ ಮೇಲೆ ಹೊರಿಸಿದರೆ ಅವು ಕೆಂಡದಂತಾಗುತ್ತವೆ. ಕಾದ ಬ್ರೇಕಿನ ಪಟ್ಟಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಎಣ್ಣೆಯ ಬ್ರೇಕಾದರೆ ಆ ಎಣ್ಣೆಯೇ ಕುದಿದು ಆವಿಯಾಗಿ, ಪೆಡಲನ್ನು ತುಳಿದರೆ ಹತ್ತಿಯ ಅಂಡಿಗೆಯನ್ನು ತುಳಿದಂತೆ ಒಳಕ್ಕೆ ಹೋಗುತ್ತದೆ. ಬಯಲಿನಲ್ಲಿ ಬ್ರೇಕು ಚೆನ್ನಾಗಿತ್ತು, ಘಟ್ಟದಲ್ಲಿ ಏಕೆ ಕೈಕೊಟ್ಟಿತು ಎಂದು ಆಶ್ಚರ್ಯಪಡುವವರುಂಟು. ಬಯಲಿನಲ್ಲಿ ಬ್ರೇಕಿಗೆ ಕ್ಷಣಮಾತ್ರದ ಕೆಲಸ, ಬಳಿಕ ತಣಿಯಲು ಬೇಕಾದಷ್ಟು ಹೊತ್ತು. ಘಟ್ಟದಲ್ಲಿ ಅರ್ಧ ಗಂಟೆಯ ದುಡಿಮೆ, ಬಿಡುವಿಲ್ಲ.

ಆದುದರಿಂದ ಅನುಭವಸ್ಥರು ಇಳಿಯುವಾಗ ಬ್ರೇಕನ್ನು ನೆಚ್ಚದೆ ಎಂಜಿನ್ನನ್ನು ನೆಚ್ಚುತ್ತಾರೆ. ಯಾವ ಗೇರಿನಲ್ಲಿ ಆ ಏರನ್ನು ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯತಕ್ಕದ್ದೆಂಬುದು ಹಳೆಯ ಚಾಲಕರ ಸೂತ್ರ. ಗೇರು ಕೆಳಗಿದ್ದಷ್ಟೂ ಚಕ್ರವು ಎಂಜಿನ್ನನ್ನು ಹೆಚ್ಚು ಸಲ ತಿರುಗಿಸಬೇಕಾಗಿ, ಆ ಶ್ರಮದಲ್ಲಿ ವೇಗ ಕರಗುತ್ತದೆ. ಗೇರನ್ನು ಅಂಚಿನಲ್ಲಿಯೇ, ಇಳುಕಲು ಮೊದಲಾಗುವುದಕ್ಕೆ ಮುಂಚೆಯೇ, ಬದಲಿಸಬೇಕು. ವೇಗ ಏರಿದ ಮೇಲೆ ಕೆಳಗಿನ ಗೇರು ಕೈಗೆ ಸಿಕ್ಕುವುದಿಲ್ಲ. ಎಣ್ಣೆ ಉಳಿಸಲೆಂದು ಎಂಜಿನ್ನನ್ನು ನಿಲ್ಲಿಸಿ ಗಾಡಿಯನ್ನು ಹಾಗೆಯೇ ಉರುಳಲು ಬಿಡುವ ಒಂದು ದುರಭ್ಯಾಸವುಂಟು. ಈಗಿನ ಕಾರುಗಳಲ್ಲಿ ಬ್ರೇಕಿಗೂ ಸ್ಟಿಯರಿಂಗಿಗೂ ಬಲ ಒದಗುವುದು ಎಂಜಿನ್ ನಡೆಯುತ್ತಿರುವಾಗಲೇ. ಅದನ್ನು ನಿಲ್ಲಿಸುವುದೆಂದರೆ ನಾಲ್ಕಾಣೆಯ ಎಣ್ಣೆಗೆ ಪ್ರಾಣವನ್ನು ಒತ್ತೆಯಿಟ್ಟಂತೆ. ವಿದ್ಯುತ್ತಿನ ಕಾರುಗಳು ಈ ವಿಷಯದಲ್ಲಿ ಜಾಣತನವನ್ನು ತೋರುತ್ತವೆ: ಇಳಿಯುವ ಶಕ್ತಿಯ ಒಂದು ಪಾಲನ್ನು ಮರಳಿ ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಆದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸುವುದಿಲ್ಲ. ಹಾವೇರಿಯಲ್ಲಿ ತುಂಬಿಸಿಕೊಂಡು ಹೊರಟವನಿಗೆ ಘಟ್ಟ ಬರುವಷ್ಟರಲ್ಲಿ ಜಾಗ ಖಾಲಿಯಾಗಿರುತ್ತದೆ. ಸಿರ್ಸಿಯಲ್ಲಿ ಪೂರ್ತಿ ತುಂಬಿಸಿಕೊಂಡವನು ಈ ಲಾಭವನ್ನು ಬಹುಪಾಲು ಕಳೆದುಕೊಳ್ಳುತ್ತಾನೆ.

ಭಾರ ಎಷ್ಟೆಂಬುದರಂತೆಯೇ ಅದು ಎಲ್ಲಿದೆ ಎಂಬುದೂ ಮುಖ್ಯ. ಸಿಮೆಂಟಿನ ಚೀಲಗಳು ಲಾರಿಯ ತಳದಲ್ಲಿಯೇ ಕೂತಿರುತ್ತವೆ. ಒಣಮೆಣಸಿನಕಾಯಿಯ ಚೀಲಗಳೂ ಹತ್ತಿಯ ಅಂಡಿಗೆಗಳೂ ಹಗುರ, ಆದರೆ ಗಾತ್ರ ದೊಡ್ಡದು. ಅವನ್ನು ಮೇಲೆ ಮೇಲೆ ಪೇರಿಸಿದಾಗ ಲಾರಿಯು ತೇರಿನಂತಾಗುತ್ತದೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ನೂಕುವ ಬಲವು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಗಂಟೆಗೆ 20 ಕಿಲೋಮೀಟರಿನಲ್ಲಿ ಇದ್ದುದು 40 ಕಿಲೋಮೀಟರಿನಲ್ಲಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಎತ್ತರದ ಹೇರು ಆ ನೂಕನ್ನು ತಾಳಲಾರದೆ ಮಗುಚುತ್ತದೆ.

2025ರ ಜನವರಿ 22ರ ಬೆಳಗಿನ ಜಾವದಲ್ಲಿ ನಡೆದ ದುರಂತವನ್ನು ಇಲ್ಲಿ ನೆನೆಯದೆ ಇರಲಾಗದು. ಹಾವೇರಿ ಜಿಲ್ಲೆಯ ಸವಣೂರಿನಿಂದ ಹಣ್ಣು ತರಕಾರಿಗಳನ್ನು ತುಂಬಿಕೊಂಡು ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲೂಕಿನಲ್ಲಿ, ಅರಬೈಲು ಘಟ್ಟದ ಹಾದಿಯಲ್ಲಿ, ಕಂದಕಕ್ಕೆ ಉರುಳಿತು. ಸರಕಿನೊಡನೆ ಅದರಲ್ಲಿಯೇ ಕುಳಿತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತೆಂದು ಪೊಲೀಸರು ಆಗ ತಿಳಿಸಿದರು. ಸರಕಿನ ಗಾಡಿಯಲ್ಲಿ ಜನರು ಕೂರಬಾರದೆಂದು ಕಾಯಿದೆ ಹೇಳುತ್ತದೆ, ನಿಜ. ಆದರೆ ನಾಲ್ಕು ಬುಟ್ಟಿ ತರಕಾರಿಯನ್ನು ಮಾರಿ ಸಂಜೆಗೆ ಮನೆಗೆ ಮರಳಬೇಕಾದವನು ಬುಟ್ಟಿಗೊಂದು ಗಾಡಿ, ತನಗೊಂದು ಗಾಡಿ ಎಂದು ಎರಡು ಬಾಡಿಗೆಗಳನ್ನು ತೆರಲಾರ. ಸಂತೆಯ ದಿನಗಳಲ್ಲಿ ಆಳಿಗೂ ಹೇರಿಗೂ ಕೂಡಿಯೇ ಸ್ಥಳವಿರುವ ಬಸ್ಸುಗಳನ್ನು ಬೆಳಗಿನ ಜಾವಕ್ಕೆ ಓಡಿಸದೆ ಬರಿಯ ದಂಡದಿಂದ ಈ ಪದ್ಧತಿ ನಿಲ್ಲುವುದೆಂದು ನಾವು ನಂಬುವುದಿಲ್ಲ.

ದಾರಿ ಬಿಡುವ ವಿಷಯದಲ್ಲಿ ಒಂದು ಕಟ್ಟಳೆಯುಂಟು. ಇಬ್ಬರಿಗೂ ಸಾಕಾಗುವಷ್ಟು ಅಗಲವಿಲ್ಲದ ಇಳುಕಲಿನಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕು. ನಮ್ಮ ದೇಶದ ರಸ್ತೆ ನಿಯಮವೂ ಇದನ್ನೇ ಹೇಳುತ್ತದೆ. ಕಾರಣ ಸ್ಪಷ್ಟ: ಏರಿನ ನಡುವೆ ನಿಂತ ಲಾರಿಯನ್ನು ಮತ್ತೆ ಹೊರಡಿಸುವುದು ಕಷ್ಟ, ಆ ಪ್ರಯತ್ನದಲ್ಲಿ ಅದು ಹಿಂದಕ್ಕೆ ಜಾರಬಹುದು. ಇಳಿಯುವವನಿಗೆ ನೆಲವೇ ಸಹಾಯಮಾಡುತ್ತದೆ. ಆದರೆ ನಗರದಿಂದ ರಜೆಗೆಂದು ಹೊರಟ ಕಾರುಗಳವರು ಈ ಕಟ್ಟಳೆಯನ್ನು ಕೇಳಿಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತಾರೆ.

ಮಳೆಗಾಲದ ಮಾತೇ ಬೇರೆ. ಹಾವೇರಿಯ ಬಯಲಿಗೆ ವರ್ಷಕ್ಕೆ 800 ಮಿಲಿಮೀಟರಿಗಿಂತ ಕಡಿಮೆ ಮಳೆ; ಕುಮಟೆಯ ಕಡೆಗೆ 3,000ಕ್ಕೂ ಮೀರಿದುದು. ಎಂದರೆ ಒಣನೆಲದಲ್ಲಿ ಹೊರಟ ಚಾಲಕನು ಎರಡು ಮೂರು ಗಂಟೆಗಳೊಳಗಾಗಿ ಬೇರೊಂದು ಹವೆಯ ದೇಶವನ್ನು ಹೊಗುತ್ತಾನೆ. ಮಂಜು ಕವಿಯುತ್ತದೆ, ರಸ್ತೆಗೆ ಪಾಚಿ ಹಿಡಿಯುತ್ತದೆ, ದಾರಿಗಾಗಿ ಕಡಿದ ಗುಡ್ಡದ ಮೈ ನೆನೆದು ಸಡಿಲವಾಗುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಕುಸಿದ ಗುಡ್ಡವು ಘಟ್ಟದ ಮೇಲಿನದಲ್ಲ, ಕರಾವಳಿಯ ಹೆದ್ದಾರಿಯ ಪಕ್ಕದ್ದು. ಆದರೆ ಬುಡವನ್ನು ಕಡಿದ ಇಳಿಜಾರು ಮಳೆಯಲ್ಲಿ ಏನು ಮಾಡಬಲ್ಲುದೆಂಬುದನ್ನು ಅದು ತೋರಿಸಿತು.

ಹಿಮಾಲಯದ ದಾರಿಗಳನ್ನು ಕಂಡುಬಂದವರು ನಮ್ಮ ಘಟ್ಟಗಳನ್ನು ಮಕ್ಕಳಾಟವೆಂದು ಭಾವಿಸುವುದುಂಟು. ಲಡಾಖಿನ ಉಮ್ಲಿಂಗ್ ಲಾ ದಾರಿ 5,798 ಮೀಟರ್ ಎತ್ತರದಲ್ಲಿದೆ. ಗಡಿ ರಸ್ತೆ ಸಂಸ್ಥೆಯವರು ಅದಕ್ಕೆ ಡಾಂಬರು ಹಾಕಿದ ಸುದ್ದಿ 2021ರಲ್ಲಿ ಬಂದಿತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡವು ಕಡಲತಡಿಯಲ್ಲಿರುವುದರ ಅರ್ಧಕ್ಕೂ ಕಡಿಮೆ. ಮನುಷ್ಯನಿಗೆ ಉಸಿರು ಸಾಲದು, ಎಂಜಿನ್ನಿಗೂ ಸಾಲದು. ದೇವಿಮನೆಯಲ್ಲಿ ಈ ತೊಂದರೆ ಲವಲೇಶವೂ ಇಲ್ಲ. ಆದರೆ ಎರಡು ಬಗೆಯ ಎತ್ತರಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಕಡಲಿನಿಂದ ಎಷ್ಟು ಮೇಲಿದ್ದೇವೆ ಎಂಬುದು ಶ್ವಾಸಕೋಶದ ಲೆಕ್ಕ. ಒಂದೇ ಇಳುಕಲಿನಲ್ಲಿ ಎಷ್ಟು ಕೆಳಗಿಳಿಯುತ್ತೇವೆ ಎಂಬುದು ಬ್ರೇಕಿನ ಲೆಕ್ಕ. ಎರಡನೆಯದನ್ನು ನೋಡುವಾಗ ಬೆಟ್ಟದ ನೆತ್ತಿ 5,000 ಮೀಟರಿನಲ್ಲಿದ್ದರೂ ಒಂದೇ, 500 ಮೀಟರಿನಲ್ಲಿದ್ದರೂ ಒಂದೇ.

ಕಡೆಯದಾಗಿ ಬೈಸಿಕಲ್ಲು. ಇಳಿಯುವಾಗ ಸವಾರನಿಗೆ ಎಂಜಿನ್ನಿನ ಆಸರೆಯಿಲ್ಲ, ಇರುವುದು ಎರಡು ಬ್ರೇಕುಗಳು ಮಾತ್ರ. ಅವನ್ನು ಉದ್ದಕ್ಕೂ ಒತ್ತಿ ಹಿಡಿದರೆ ಚಕ್ರದ ರಿಮ್ಮು ಕಾದು ಟ್ಯೂಬು ಒಡೆಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ನೇರ ದಾರಿಯಲ್ಲಿ ಬಿಟ್ಟು ತಣಿಯಗೊಡಬೇಕು. ಉಕ್ಕಿನ ರಿಮ್ಮಿನ ಹಳೆಯ ಸೈಕಲ್ಲುಗಳಿಗೆ ಮಳೆಯಲ್ಲಿ ಬ್ರೇಕು ಇದ್ದೂ ಇಲ್ಲದಂತೆ. ನಿಜವಾದ ಪರೀಕ್ಷೆ ಮರುಪ್ರಯಾಣದಲ್ಲಿದೆ. ಹಳ್ಳಿಗಳಲ್ಲಿ ಹಾಲನ್ನೂ ಹುಲ್ಲನ್ನೂ ಹೊರುವ ಸಾಮಾನ್ಯ ಸೈಕಲ್ಲಿಗೆ ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಗಾಡಿ ಐದು ಮೀಟರಿಗೂ ಮಿಗಿಲಾಗಿ ಮುಂದೆ ಹೋಗುತ್ತದೆ. ಆರೋಗ್ಯವಂತನಾದ ಸಾಧಾರಣ ಮನುಷ್ಯನು ಒಂದು ಗಂಟೆಯ ಕಾಲ ಸಮನಾಗಿ ಕೊಡಬಲ್ಲ ಶಕ್ತಿ ಸುಮಾರು 100 ವ್ಯಾಟು. ಇಪ್ಪತ್ತಕ್ಕೊಂದರ ಏರಿನಲ್ಲಿ ಇದರಿಂದ ಗಂಟೆಗೆ ಏಳು ಕಿಲೋಮೀಟರ್ ಹೋಗಬಹುದು. ಆ ವೇಗದಲ್ಲಿ ಅವನ ಪೆಡಲು ನಿಮಿಷಕ್ಕೆ ಇಪ್ಪತ್ತೆರಡು ಸುತ್ತು ಮಾತ್ರ ತಿರುಗುತ್ತದೆ. ಒಂದೊಂದು ಸುತ್ತಿಗೂ ಮೈಭಾರವನ್ನೆಲ್ಲ ಹೇರಿ ತುಳಿಯಬೇಕು. ಮಂಡಿ ಇದನ್ನು ತಾಳುವುದಿಲ್ಲ. ಹಿಂದೆ ದೊಡ್ಡ, ಮುಂದೆ ಸಣ್ಣ ಹಲ್ಲುಚಕ್ರವಿರುವ ಗೇರಿನ ಸೈಕಲ್ಲಾದರೆ ಒಂದು ಸುತ್ತಿಗೆ ಎರಡು ಮೀಟರ್ ಮಾತ್ರ ಹೋಗಿ, ನಿಮಿಷಕ್ಕೆ ಅರುವತ್ತರ ಸುಮಾರಿನ ಹಗುರವಾದ ತುಳಿತದಿಂದ ಅದೇ ಏರು ಸಾಗುತ್ತದೆ. ಒಟ್ಟು ಶ್ರಮ ಒಂದೇ. ಅದನ್ನು ದೊಡ್ಡ ತುತ್ತಾಗಿ ನುಂಗುವುದೋ ಸಣ್ಣ ತುತ್ತಾಗಿಯೋ ಎಂಬುದಷ್ಟೇ ಭೇದ. 1910ರಲ್ಲಿ ಫ್ರಾನ್ಸಿನ ಸೈಕಲ್ ಪಂದ್ಯವನ್ನು ಮೊದಲ ಸಲ 2,115 ಮೀಟರ್ ಎತ್ತರದ ಟೂರ್ಮಲೆ ದಾರಿಯ ಮೇಲೆ ನಡೆಸಿದಾಗ ಪಂದ್ಯದವರಿಗೂ ಈ ಅನುಕೂಲ ಇರಲಿಲ್ಲ. ಓಡುತ್ತಿರುವಾಗಲೇ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಕ್ಕೆ ಆ ಪಂದ್ಯದಲ್ಲಿ ಅಪ್ಪಣೆ ಸಿಕ್ಕಿದುದು 1937ರಲ್ಲಿ. ಆದಕಾರಣ ಗೇರಿಲ್ಲದ ಸೈಕಲ್ಲಿನವನು ಘಟ್ಟದಲ್ಲಿ ಇಳಿದು ತಳ್ಳಿಕೊಂಡು ಹೋದರೆ ಅದನ್ನು ಸೋಲೆಂದು ಎಣಿಸತಕ್ಕದ್ದಲ್ಲ. ಅವನು ತನ್ನ ಕಾಲುಗಳನ್ನೇ ಕೆಳಗಿನ ಗೇರನ್ನಾಗಿ ಮಾಡಿಕೊಂಡಿದ್ದಾನೆ.

500 ಮೀಟರಿನ ಈ ಏರಿಗೆ ದೇಹವು ಕೇಳುವ ಆಹಾರ 400 ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು, ಎಂದರೆ ಮೂರು ನಾಲ್ಕು ಜೋಳದ ರೊಟ್ಟಿ. ಅದಕ್ಕಿಂತ ಹೆಚ್ಚಾಗಿ ಬೇಕಾದುದು ನೀರು. ಘಟ್ಟದ ಬುಡದಲ್ಲಿ ಗಾಳಿಯಾಡದ ಸೆಕೆ, ಬೆವರು ಆರುವುದಿಲ್ಲ. ಕುಮಟೆಯಿಂದ ಬೆಳಗಿನ ಜಾವಕ್ಕೇ ಹೊರಟು ಬಿಸಿಲೇರುವುದರೊಳಗೆ ಅಂಚನ್ನು ಸೇರುವುದು ಲೇಸು. ಮೇಲೆ ಬಂದವರು ಎಂಜಿನ್ನನ್ನೋ ಮೈಯನ್ನೋ ತಣಿಸಿಕೊಳ್ಳಲು ಅಲ್ಲಿ ಒಂದಿಷ್ಟು ಹೊತ್ತು ನಿಲ್ಲುವುದು ವಾಡಿಕೆ. ಮೇಲಿನಿಂದ ಇಳಿಯಲು ಬಂದವರೂ ಅಲ್ಲಿಯೇ ನಿಂತು ಬ್ರೇಕನ್ನು ನೋಡಿಕೊಂಡು ಗೇರನ್ನು ಇಳಿಸಿಕೊಳ್ಳುವುದು ಒಳ್ಳೆಯದು. ಏರಿ ಬಂದ ಸೈಕಲ್ಲಿನವನಿಗೆ ಅಲ್ಲಿಂದ ಮುಂದೆ ಘಟ್ಟವೇ ಇಲ್ಲ. ಸಿರ್ಸಿಯನ್ನು ದಾಟಿದ ಬಳಿಕ ಹಾವೇರಿಯವರೆಗೂ ಅವನ ದಾರಿ ವರದೆ ಹರಿಯುವ ದಿಕ್ಕಿನಲ್ಲಿಯೇ ಸಾಗುತ್ತದೆ.